ಸೀಟು ಮುಂದೆ ಬರ್ತದೆ, ಹಿಂದೆ ಹೋಗುದಿಲ್ಲ: ಕಾರವಾರದ ಆಟೋ ಎಲೆಕ್ಟ್ರಿಷಿಯನ್ ಹತ್ರ ಕೇಳಿ

ಕುಮಟಾ ಶಾನಭಾಗ: ನಮಸ್ಕಾರ ಮಾಸ್ತರೆ. ಡ್ರೈವರ್ ಸೀಟಿನ ಬಟನ್ ಒತ್ತಿದ್ರೆ ಮುಂದೆ ಬರ್ತದೆ, ಹಿಂದೆ ಹೋಗುದೇ ಇಲ್ಲ. ಎತ್ತರ, ಬೆನ್ನು ಎಲ್ಲ ಸರಿ ಇದೆ, ಸೀಟಿನ ಜಾಗ ನೆನಪಿಟ್ಕೊಳ್ಳೋ ಮೆಮೊರಿ ಗಿಮೊರಿ ಇಲ್ಲ. ಗ್ಯಾರೇಜಿನವ್ರು ಮೋಟಾರ್ ಹೋಗಿದೆ, ಟ್ರ್ಯಾಕ್ (ಸೀಟು ಜಾರೋ ಹಳಿ) ಸಮೇತ ಬದಲಿಸ್ಬೇಕು ಅಂದ್ರು. ಈಗ ಸ್ಟೇರಿಂಗಿಗೆ ಹೊಟ್ಟೆ ತಾಗ್ತಾ ಉಂಟು.

ಎಲೆಕ್ಟ್ರಿಷಿಯನ್: ಸುಟ್ಟ ಮೋಟಾರು ಒಂದು ಕಡೆ ಮಾತ್ರ ತಿರುಗುದಿಲ್ಲ ಮಾರಾಯ್ರೆ. ಮೋಟಾರಿಗೆ ಇರುದು ಎರಡೇ ವೈರು, ಬಟನ್ ಬಿಟ್ಟಾಗ ಎರಡೂ ಸ್ವಿಚ್ಚಿನೊಳಗೆ ಅರ್ಥಿಂಗಿಗೆ, ಅಂದ್ರೆ ನೆಗೆಟಿವ್ ಕಡೆಗೆ, ಕೂತಿರ್ತವೆ. ಮುಂದೆ ಒತ್ತಿದ್ರೆ ಒಂದಕ್ಕೆ 12 ವೋಲ್ಟ್ ಬಂತು, ಹಿಂದೆ ಒತ್ತಿದ್ರೆ ಇನ್ನೊಂದಕ್ಕೆ, ಅಷ್ಟೇ ಕಥೆ. ಫ್ಯೂಸೂ ಸರಿ ಇದೆ ಅಂತಾಯ್ತು. ಹಿಂದೆ ಒತ್ತಿದಾಗ ಗುಂಯ್ ಅಂದು ನಿಂತ್ರೆ ಹಳಿ ಹಿಂದೆ ಏನೋ ಸಿಕ್ಕಿದೆ, ಟಾರ್ಚ್ ಹಾಕಿ ನೋಡಿ, ಛತ್ರಿ ಕಡ್ಡಿ, ನಾಣ್ಯ, ಹೇರ್‌ಪಿನ್ ಎಲ್ಲ ತೆಗೆದಿದ್ದೇನೆ. ಸದ್ದೇ ಇಲ್ಲದಿದ್ರೆ ಮೋಟಾರಿನ ಪ್ಲಗ್ ಕಳಚದೆ ಹಿಂದಿಂದ ಎರಡೂ ವೈರಿಗೆ ಪಿನ್ ತೂರಿಸಿ ವೋಲ್ಟಲ್ಲಿಟ್ಟ ಮೀಟರ್ ಹಿಡೀರಿ, ಮನೆಯವ್ರು ಬಟನ್ ಒತ್ಲಿ. 12 ಹತ್ರ ಬಂದ್ರೆ ಮೋಟಾರಿನ ಕಡೆ ದೋಷ, 6-7ಕ್ಕೆ ಇಳಿದ್ರೆ ಪ್ಲಗ್ಗಲ್ಲೋ ಸ್ವಿಚ್ಚಲ್ಲೋ ಕಿಲುಬು, ಸೊನ್ನೆ ಆದ್ರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟಿದೆ. ಪ್ಲಗ್ ಕಳಚಿ ನೋಡ್ಬೇಡಿ, ಲೋಡ್ ಇಲ್ದೆ ಕೆಟ್ಟ ವೈರೂ 12 ತೋರಿಸ್ತದೆ.

ಹೊನ್ನಾವರ ಗೌಡ: ನಮ್ಮದು ಯಾವ ಕಡೆಗೂ ಅಲ್ಲಾಡುದಿಲ್ಲ ಸರ್

ಎಲೆಕ್ಟ್ರಿಷಿಯನ್: ಫ್ಯೂಸ್ ನೋಡಿ.

ಭಟ್ಕಳ ನಾಯ್ಕ: ಸರ್ ನಮ್ದೂ ಪೂರ್ತಿ ಬಂದ್. ಮತ್ತೆ ಮೆಮೊರಿ ಸೀಟು ಇರೋ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡ್ರೆ ಅಡ್ಡಿಲ್ವಾ?

ಎಲೆಕ್ಟ್ರಿಷಿಯನ್: ಮೇಲೆ ಹೇಳಿದ್ದೇ. ಫ್ಯೂಸ್.

ಹೊನ್ನಾವರ ಗೌಡ: ಇನ್ನೊಂದು ಗ್ರೂಪಲ್ಲಿ ಬಂದಿದ್ದು: 30 ಆಂಪಿಯರ್ ಫ್ಯೂಸ್ ಪದೇ ಪದೇ ಹೋದ್ರೆ 40 ಹಾಕಿ, ಸೀಟಿನಡಿ ಪ್ಲಗ್ಗಿಗೆ ತೆಂಗಿನೆಣ್ಣೆ ಬಿಡಿ, ಕಿಲುಬು ಹಿಡಿಯುದಿಲ್ಲ. ಮಾಡ್ಬಹುದಾ?

ಎಲೆಕ್ಟ್ರಿಷಿಯನ್: ಮಾಡಿ, ಆಮೇಲೆ ಅಗ್ನಿಶಾಮಕದವ್ರಿಗೆ ಫೋನ್ ಮಾಡಿ. ಫ್ಯೂಸ್ ಇರುದು ವೈರ್ ಕಾಯ್ಲಿಕ್ಕೆ, 40 ಹಾಕಿದ್ರೆ ಫ್ಯೂಸಿಗಿಂತ ಮೊದ್ಲು ವೈರ್ ಸುಡ್ತದೆ, ಅದೂ ಕಾರ್ಪೆಟ್ ಅಡಿ. ಪದೇ ಪದೇ ಹೋಗ್ತದೆ ಅಂದ್ರೆ ಸೀಟಿನಡಿ ವೈರ್ ಉಜ್ಜಿ ಬಾಡಿಗೆ ತಾಗ್ತಾ ಇರ್ಬಹುದು, ಅದನ್ನ ಹುಡುಕಿ. ಎಣ್ಣೆ ಅಡುಗೆಮನೆಲಿ ಇರ್ಲಿ. ಪ್ಲಗ್ಗಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೇಳಿಯೇ ಸಿಗ್ತದೆ.

ಸಿರಸಿ ಹೆಗಡೆ: ಈ ರಗಳೆಯೇ ಬೇಡ ಹೇಳಿ ನಾನು ಕೈಯಲ್ಲಿ ಎಳೆಯೋ ಸೀಟಿನ ಗಾಡಿ ತಗೊಂಡಿದ್ದು. ಕರಾವಳಿಯವ್ರು ಉಪ್ಪುಗಾಳಿಲಿ ಗಾಡಿ ನಿಲ್ಸಿ ಆಮೇಲೆ ಅಳುದು.

ಹೊನ್ನಾವರ ಗೌಡ: ಸಿರಸಿ ಮಳೆಗೆ ಎಂತ ಆಗುದಿಲ್ಲ ಅಲ್ದಾ ಹೆಗಡೇರೆ? ನಿಮ್ಮಲ್ಲಿ ಸೀಟಿನ ಮೇಲೆ ಬೂಸ್ಟು ಬೆಳೆದಿದ್ದು ನೋಡಿದ್ದೇನೆ.

ಸಿರಸಿ ಹೆಗಡೆ: ಬೂಸ್ಟು ಒರೆಸಿದ್ರೆ ಹೋಗ್ತು. ಫ್ಯೂಸಿಗೆ ಎಣ್ಣೆ ಬಿಡೋವ್ರ ಹತ್ರ ಎಂತ ಮಾತು.

ಹೊನ್ನಾವರ ಗೌಡ: ಎಣ್ಣೆ ಪ್ಲಗ್ಗಿಗೆ, ಫ್ಯೂಸಿಗಲ್ಲ. ಮೊದ್ಲು ಓದ್ಲಿಕ್ಕೆ ಕಲೀರಿ.

ಅಂಕೋಲಾ ನಾಯಕ: ಸ್ವಲ್ಪ ನಿಲ್ಲಿ. ಮಾಸ್ತರೆ, ಎಡಗಡೆ ಸೀಟು ಸತ್ತಿತ್ತು, ಫ್ಯೂಸ್ ಸರಿ ಇತ್ತು, ಅಡಿಗೆ ಕೈ ಹಾಕಿದ್ರೆ ಕಾರ್ಪೆಟ್ ಒದ್ದೆ. ಪ್ಲಗ್ ಎಲ್ಲ ಕಿತ್ತು ಒರೆಸಿ ವಾಪಸ್ ಹಾಕಿದೆ, ಹಳದಿದು ಒಂದಿತ್ತು. ಕೀ ಆನ್ ಇತ್ತು. ಈಗ ಏರ್‌ಬ್ಯಾಗ್ ಲೈಟ್ ಆರುದಿಲ್ಲ. ಹಳದಿ ವೈರಿಗೆ ಮೀಟರ್ ಹಿಡಿದು ಕಂಟಿನ್ಯೂಟಿ (ವೈರ್ ಕಡಿದಿದ್ಯಾ ಅಂತ) ನೋಡ್ತೇನೆ ಈಗ.

ಎಲೆಕ್ಟ್ರಿಷಿಯನ್: ಮೀಟರ್ ಕೆಳಗಿಡಿ. ಹಳದಿ ಪ್ಲಗ್ಗು ಸೀಟಿನ ಪಕ್ಕದ ಏರ್‌ಬ್ಯಾಗಿಂದು. ಕಂಟಿನ್ಯೂಟಿ ನೋಡ್ಲಿಕ್ಕೆ ಓಮ್ಸಲ್ಲಿಟ್ಟ ಮೀಟರ್ ತಾನೇ ಸಣ್ಣ ಕರೆಂಟ್ ಬಿಡ್ತದೆ, ಅದ್ರಿಂದ ಬ್ಯಾಗ್ ಸಿಡೀಬಹುದು. ಸೀಟಿನ ಪಕ್ಕ ತಲೆ ಬಗ್ಗಿಸಿ ಕೂತವ್ರ ಮುಖಕ್ಕೇ ಹೊಡಿತದೆ. ಬಲ್ಬಿನ ಟೆಸ್ಟರೂ ಬೇಡ. ಕೀ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಕಳಚಿ, ಮ್ಯಾನ್ಯುಯಲ್ಲಲ್ಲಿ ಹೇಳಿದಷ್ಟು ಹೊತ್ತು ಬಿಡಿ, ನಾನು 10 ನಿಮಿಷ ಬಿಡ್ತೇನೆ, ಆಮೇಲೆ ಹಳದಿ ಪ್ಲಗ್ಗಿನ ಲಾಕ್ ಟಕ್ ಅಂತ ಕೂತಿದ್ಯಾ ನೋಡಿ. ಕೂತಿದ್ರೂ ಲೈಟ್ ಆರ್ಲಿಕ್ಕಿಲ್ಲ, ಗಾಡಿಯ ಕಂಪ್ಯೂಟರಲ್ಲಿ ದೋಷದ ಕೋಡ್ ಉಳಿದಿರ್ತದೆ, ಸ್ಕ್ಯಾನರ್ ಹಾಕಿ ಅಳಿಸ್ಬೇಕು. ಲೈಟ್ ಉರಿತಾ ಇದ್ರೆ ಅಪಘಾತದಲ್ಲಿ ಬ್ಯಾಗ್ ತೆರೆಯದೆಯೂ ಇರ್ಬಹುದು, ಹೈವೇಗೆ ಹೋಗ್ಬೇಡಿ. ಒದ್ದೆಗೆ ಕಾರಣ ಏಸಿ ನೀರಿನ ಪೈಪ್ ಕಟ್ಟಿದ್ದೋ, ಸನ್‌ರೂಫ್ ಇದ್ರೆ ಅದ್ರ ನಳಿಗೆಯೋ. ನೀರು ನಿಲ್ಲದೆ ಪ್ಲಗ್ ಎಷ್ಟು ಒರೆಸಿದ್ರೂ ವಾಪಸ್ ಹಸಿರು ಹಿಡಿತದೆ.

ಅಂಕೋಲಾ ನಾಯಕ: ಲೈಟಿನ ಬಲ್ಬ್ ತೆಗೆದ್ರೆ ಆಗುದಿಲ್ವಾ?

ಎಲೆಕ್ಟ್ರಿಷಿಯನ್: ಇಲ್ಲ!! ಗಾಡಿ ಸ್ಕ್ಯಾನರ್ ಇರೋ ಹತ್ರದ ಗ್ಯಾರೇಜಿಗೆ ಕೊಡಿ.

ಹೊನ್ನಾವರ ಗೌಡ: ಹೆಗಡೇರು ಉತ್ತರ ಕೊಡ್ಲೇ ಇಲ್ಲ

ಸಿರಸಿ ಹೆಗಡೆ: ಅಡಿಕೆ ಸುಲಿಸೋ ಕೆಲಸ ಇದ್ದು ನಂಗೆ.

ಎಲೆಕ್ಟ್ರಿಷಿಯನ್: ನಿಮ್ಮಿಬ್ರದ್ದು ಪರ್ಸನಲ್ಲಲ್ಲಿ ಮಾಡ್ಕೊಳ್ಳಿ.

ಕುಮಟಾ ಶಾನಭಾಗ: ನೋಡಿದೆ ಮಾಸ್ತರೆ. ಮುಂದೆ ಒತ್ತಿದ್ರೆ 11.8, ಹಿಂದೆ ಒತ್ತಿದ್ರೆ ಸೊನ್ನೆ. ವೈರ್ ಕಡಿದಿದ್ಯಾ?

ಎಲೆಕ್ಟ್ರಿಷಿಯನ್: ಅದೇ ಎರಡು ವೈರಲ್ಲಿ ಮುಂದೆ ಬರ್ತಾ ಉಂಟಲ್ಲ. ಸ್ವಿಚ್ಚು. ಟ್ರ್ಯಾಕಿಗೆ ಅಡ್ವಾನ್ಸ್ ಕೊಟ್ಟಿದ್ರೆ ಇವತ್ತೇ ವಾಪಸ್ ಕೇಳಿ.