ಅಪ್‌ಡೇಟ್: ತಂಗಿಗೆ ಆರ್‌ಎ ಕೆಲಸ ಸಿಕ್ಕಿತು

ಅಮೆರಿಕದಲ್ಲಿ ಓದುತ್ತಿರುವ ತಂಗಿ ಯೂನಿವರ್ಸಿಟಿ ಹಾಸ್ಟೆಲಿನ ರೆಸಿಡೆಂಟ್ ಅಸಿಸ್ಟೆಂಟ್ (ಆರ್‌ಎ, ಅಂದರೆ ಹಾಸ್ಟೆಲಿನಲ್ಲೇ ಇದ್ದು ಅಲ್ಲಿನ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ವಿದ್ಯಾರ್ಥಿ) ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ, ಇಂಟರ್‌ವ್ಯೂನಲ್ಲಿ ಏನು ಹೇಳಬೇಕು ಅಂತ ಕಾಸರಗೋಡಿನ ಬದಿಯಡ್ಕದಿಂದ ಕೇಳಿದ್ದೆನಲ್ವಾ? ಸಿಕ್ಕಿತು! ರೂಮು, ಊಟ ಎರಡೂ ಫ್ರೀ.

‘ಸುಮ್ನೆ ಲೀಡರ್‌ಶಿಪ್ ಅನ್ನೋದು ಬೇಡ, ನಡೆದದ್ದನ್ನೇ ಹೇಳಲಿ’ ಎಂದವರ ಸಲಹೆಯೇ ಕೈಹಿಡಿಯಿತು. ಡಿಗ್ರಿ ಓದುವಾಗ ಅವಳ ಹಾಸ್ಟೆಲಿಗೆ ನಮ್ಮ ಕಡೆಯ ಕನ್ನಡ ಮೀಡಿಯಂ ಹುಡುಗಿಯೊಬ್ಬಳು ಬಂದಿದ್ದಳು. ಸುತ್ತ ಎಲ್ಲರದೂ ಮಲಯಾಳಂ. ಪಾಪ, ಮೆಸ್ಸಿಗೇ ಹೋಗುತ್ತಿರಲಿಲ್ಲ. ತಂಗಿ ದಿನಾ ರಾತ್ರಿ ಬಾಗಿಲು ತಟ್ಟಿ ಊಟಕ್ಕೆ ಕರೆದೊಯ್ಯುತ್ತಿದ್ದಳು. ಇಂಟರ್‌ವ್ಯೂನಲ್ಲಿ ಜಾಸ್ತಿ ಪ್ರಶ್ನೆ ಬಂದದ್ದೇ ಅದರ ಮೇಲೆ. ಸರ್ಟಿಫಿಕೇಟುಗಳನ್ನು ಯಾರೂ ಕೇಳಲಿಲ್ಲ.

ಹೊಸದಾಗಿ ಗೊತ್ತಾದದ್ದು: ಎಫ್-1 (ವಿದ್ಯಾರ್ಥಿ) ವೀಸಾದವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಆರ್‌ಎ ಗಂಟೆಗಳೂ ಅದರಲ್ಲೇ ಸೇರುತ್ತವೆ. ಹಾಗಾಗಿ ಲೈಬ್ರರಿ ಕೆಲಸ ಕಡಿಮೆ ಮಾಡಬೇಕಾಯಿತು. ಅರ್ಜಿ ಹಾಕುವ ಮೊದಲೇ ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿಕೊಳ್ಳಿ.