ಮಲ್ಪೆ ಬಂದರಿನಲ್ಲಿ ಎಚ್‌ಐವಿ ಮಾಹಿತಿ ಕಾರ್ಯಕ್ರಮ: ಮಾಡಿಸಿ ಗೊತ್ತಿದ್ದವರು ಹೇಳಿ

ಯುವಕ ಮಂಡಲ, ಮಲ್ಪೆ:
ಡಿಸೆಂಬರ್ 1ಕ್ಕೆ ಬಂದರಿನ ಬೋಟು ಕೆಲಸದವರಿಗೆ ಎಚ್‌ಐವಿ ಕುರಿತು ಕಾರ್ಯಕ್ರಮ ಮಾಡುವ ಅಂತ ಉಂಟು. ಭಾಷಣ, ಬೀದಿ ನಾಟಕ, ಅಲ್ಲೇ ರಕ್ತ ಪರೀಕ್ಷೆ. ದುಡ್ಡು ಸ್ವಲ್ಪವೇ ಇರುವುದು, ಯಾವುದಕ್ಕೆ ಹಾಕುವುದು?

ಆಪ್ತ ಸಮಾಲೋಚಕಿ, ಉಡುಪಿ:
ಪರೀಕ್ಷೆಗೆ ಹಾಕಿ. ಆದರೆ ಶಾಮಿಯಾನದಡಿ ಮೇಜು ಇಟ್ಟು ಮಾಡಬೇಡಿ. ಶಿಬಿರದಲ್ಲಿ ಬೆರಳು ಚುಚ್ಚಿ ನೋಡುವುದು ಬರೀ ಸ್ಕ್ರೀನಿಂಗ್. ರಿಯಾಕ್ಟಿವ್ (ಸೋಂಕು ಇರಬಹುದು ಅಂತ) ಬಂದರೆ ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಬೇರೆ ಬೇರೆ ಮೂರು ಬಗೆಯ ಕಿಟ್‌ನಲ್ಲಿ ನೋಡಿ ಆದ ಮೇಲೆಯೇ ಪಾಸಿಟಿವ್ ಅನ್ನುವುದು. ಕೆಡುವುದು ಈ ನಡುವಿನ ಹೊತ್ತಿನಲ್ಲಿ. ನೆಗೆಟಿವ್ ಬಂದವನನ್ನು ಎರಡು ನಿಮಿಷಕ್ಕೆ ಕಳಿಸಿ, ರಿಯಾಕ್ಟಿವ್ ಬಂದವನನ್ನು ಇಪ್ಪತ್ತು ನಿಮಿಷ ಒಳಗೆ ಕೂರಿಸಿದರೆ ಸಾಲಿನಲ್ಲಿ ನಿಂತವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎಲ್ಲರನ್ನೂ ಅಷ್ಟೇ ಹೊತ್ತು ಕೂರಿಸಿ. ಎಲ್ಲರ ಕೈಗೂ ಒಂದೇ ಅಳತೆಯ, ಒಂದೇ ಬಣ್ಣದ ಚೀಟಿ ಕೊಡಿ. ಬಿಪಿ, ಶುಗರ್, ಟಿಬಿ ಇದೆಯಾ ನೋಡಲು ಕೆಮ್ಮು ಎರಡು ವಾರ ದಾಟಿದೆಯಾ ಎಂದು ಕೇಳುವುದು, ಎಲ್ಲ ಅದೇ ಕೋಣೆಯಲ್ಲಿ ಆಗಲಿ. ಯಾರು ಯಾತಕ್ಕೆ ಒಳಗೆ ಹೋದರು ಅಂತ ಹೊರಗಿನವರಿಗೆ ತಿಳಿಯಬಾರದು. ಬಾಗಿಲು ಇರುವ ಕೋಣೆ ಬೇಕು, ಪರದೆ ಸಾಲದು. ಕಳೆದ 3 ತಿಂಗಳಲ್ಲಿ ಅಪಾಯದ ಸಂಪರ್ಕ ಆಗಿದ್ದರೆ ಇವತ್ತಿನ ನೆಗೆಟಿವ್ ನಂಬಿ ಕೂರಬಾರದು, ಇನ್ನೊಮ್ಮೆ ನೋಡಿಸಬೇಕು. ಇದನ್ನು ಚೀಟಿಯಲ್ಲೇ ಅಚ್ಚು ಹಾಕಿಸಿ.

ಬೀದಿ ನಾಟಕ ತಂಡ, ಸುರತ್ಕಲ್:
ಕೋಣೆಯೊಳಗೆ ಜನ ಬರಬೇಕಲ್ಲ ಮೇಡಂ? ಸೇರಿಸುವುದು ನಾಟಕವೇ. ಬೆಳಿಗ್ಗೆ ಹರಾಜಿನ ಹೊತ್ತು ಬೇಡವೇ ಬೇಡ. ಮೀನು ಇಳಿಸಿ ಆಗಿ, ಐಸು ಡೀಸೆಲಿಗೆ ಕಾಯುತ್ತಾ ಬಲೆ ಹೊಲಿಯುತ್ತಾ ಕೂತಿರುತ್ತಾರಲ್ಲ, ಆಗ ಹಿಡಿಯಬೇಕು. 20 ನಿಮಿಷ ಮೀರಬಾರದು. ಐಸು ಪುಡಿ ಮಾಡುವ ಮಿಷನ್ ಹತ್ತಿರ ನಿಂತರೆ ಮೈಕ್ ಇದ್ದೂ ಪ್ರಯೋಜನ ಇಲ್ಲ. ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ತುಂಬಾ ಇದ್ದಾರೆ, ತುಳು ಒಂದೇ ಸಾಲದು, ಹಿಂದಿ ಬೆರೆಸಿ. ಕೊನೆಗೆ ಸಾವಿನ ದೃಶ್ಯ ಇದ್ದರೇ ಮನಸ್ಸಿಗೆ ನಾಟುವುದು.

ಫಾರ್ಮಸಿಸ್ಟ್, ಮಂಗಳೂರು:
ಸಾವಿನ ದೃಶ್ಯವಾ! ಸರ್ಕಾರ ಉಚಿತ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ಚಿಕಿತ್ಸೆ) ಶುರು ಮಾಡಿದ್ದು 2004ರಲ್ಲಿ. 2017ರಿಂದ ಸಿಡಿ4 (ರೋಗ ತಡೆಯುವ ರಕ್ತಕಣದ ಲೆಕ್ಕ) ಎಷ್ಟೇ ಇರಲಿ, ಪಾಸಿಟಿವ್ ಆದವರಿಗೆಲ್ಲ ಮಾತ್ರೆ. ದಿನಕ್ಕೆ ಒಂದು ಟಿಎಲ್‌ಡಿ: ಟೆನೊಫೊವಿರ್ 300, ಲಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ತಪ್ಪದೆ ನುಂಗಿ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪತ್ತೆಗೆ ಸಿಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದ ಹರಡುವುದೇ ಇಲ್ಲ. ಇದನ್ನು ಬಿಟ್ಟು ಹೆಣ ತೋರಿಸಿದರೆ ಪರೀಕ್ಷೆಗೆ ಬರುವವನೂ ಓಡಿಹೋಗುತ್ತಾನೆ.

ದುಡ್ಡು ಮಾತ್ರೆಯ ಲೆಕ್ಕ ಕಲಿಸುವುದಕ್ಕೆ ಹಾಕಿ. ಆಳಸಮುದ್ರದ ಬೋಟು ಹತ್ತು ಹನ್ನೆರಡು ದಿನ ಹೊರಗೆ. ಡಬ್ಬಿಯಲ್ಲಿ 30 ಮಾತ್ರೆ, ಒಳಗೆ ತೇವ ಹೀರುವ ಪೊಟ್ಟಣ. ಬೇರೆಯವರು ನೋಡಿಯಾರು ಅಂತ ಕಾಗದದಲ್ಲಿ ಕಟ್ಟಿಕೊಂಡು ಹೋದರೆ ಉಪ್ಪುಗಾಳಿಗೆ ಮಾತ್ರೆ ಹಾಳು. ಲೇಬಲ್ ಕಿತ್ತರೂ ಅಡ್ಡಿಯಿಲ್ಲ, ಡಬ್ಬಿ ಅದೇ ಇರಲಿ. ಗ್ಯಾಸ್ ಅಂತ ಆಂಟಾಸಿಡ್ ಜಗಿಯುವವರು ಬೋಟಿನಲ್ಲಿ ಇದ್ದೇ ಇರುತ್ತಾರೆ. ಅದರ ಮೆಗ್ನೀಸಿಯಂ, ಅಲ್ಯೂಮಿನಿಯಂ ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರಬಿಡುವುದಿಲ್ಲ. ಟಿಎಲ್‌ಡಿ ನುಂಗಿ 2 ಗಂಟೆ ಆದ ಮೇಲೆ ಆಂಟಾಸಿಡ್, ಅಥವಾ ಆಂಟಾಸಿಡ್ ಆಗಿ 6 ಗಂಟೆಗೆ ಟಿಎಲ್‌ಡಿ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ 50 ಇನ್ನೊಂದು, 12 ಗಂಟೆ ಬಿಟ್ಟು.

ಬೀದಿ ನಾಟಕ ತಂಡ, ಸುರತ್ಕಲ್:
ಮಿಲಿಗ್ರಾಂ ಲೆಕ್ಕ ಬಂದರಿನಲ್ಲಿ ಯಾರು ಕೇಳುತ್ತಾರೆ ಮಾರಾಯ್ರೆ? ಕೌಂಟರ್ ಹಿಂದೆ ಕೂತು ಹೇಳುವುದು ಸುಲಭ.

ಫಾರ್ಮಸಿಸ್ಟ್, ಮಂಗಳೂರು:
ಕೇಳುತ್ತಾರೆ. ಜೂನ್ 1ರಿಂದ ಜುಲೈ 31, ಮೀನುಗಾರಿಕೆ ನಿಷೇಧ 61 ದಿನ. ಎರಡು ಡಬ್ಬಿ ಅಂದರೆ 60 ಮಾತ್ರೆ. ಊರಿಗೆ ಹೋಗಿ ಬರುವ ರೈಲಿನ ದಿನ ಸೇರಿಸಿದರೆ ಮೂರನೇ ಡಬ್ಬಿ ಬೇಕೇ ಬೇಕು. ಮೇ ತಿಂಗಳಲ್ಲೇ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯ ಅಥವಾ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಊರಿಗೆ ಹೋಗುವ ತಾರೀಖು ಹೇಳಿ, ಹೆಚ್ಚು ತಿಂಗಳ ಮಾತ್ರೆ ಕೇಳಬೇಕು. ಮತ್ತೆ ಇಲ್ಲಿಗೆ ಬರುವುದಿಲ್ಲವಾದರೆ ಅವನ ಜಿಲ್ಲೆಯ ಕೇಂದ್ರಕ್ಕೆ ವರ್ಗ ಮಾಡಿಸಬೇಕು. ಹೆಪಟೈಟಿಸ್ ಬಿ ಕೂಡ ಇರುವವನು ಮಾತ್ರೆ ಸುಮ್ಮನೆ ನಿಲ್ಲಿಸಿದರೆ ಲಿವರ್ ಕೆರಳುತ್ತದೆ, ಯಾಕೆಂದರೆ ಅದನ್ನೂ ತಡೆದಿಟ್ಟದ್ದು ಇದೇ ಮಾತ್ರೆ. ಇದನ್ನು ಹಾಕಿ ನಿಮ್ಮ ನಾಟಕದಲ್ಲಿ.

ಬೋಟು ಮಾಲಕ:
ಇಷ್ಟೆಲ್ಲ ಮಾಡುವವರು ಪಟ್ಟಿಯನ್ನು ನಮಗೂ ಕೊಡಿ. ಒಂದೇ ಪಾತ್ರೆಯಲ್ಲಿ ಉಣ್ಣುವವರು, ಬೋಟು ನಡೆಸುವ ತಂಡೇಲನಿಗಾದರೂ ಗೊತ್ತಿರಬೇಡವಾ?

ವಕೀಲ, ಕುಂದಾಪುರ:
ಪಟ್ಟಿ ಎಂಬುದೇ ಇಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೆಕ್ಷನ್ 5ರಂತೆ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಇಲ್ಲ, ಸೆಕ್ಷನ್ 8ರಂತೆ ಅವನ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ. ಕೆಲಸ ಕೊಡಲು ಪರೀಕ್ಷೆ ಮಾಡಿಸಿ ಬಾ ಅನ್ನುವುದೂ ತಪ್ಪು. ಯುವಕ ಮಂಡಲದವರು ಹೆಸರು ಬರೆದ ರಿಜಿಸ್ಟರಿನ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದರೆ ನೀವೇ ಸಿಕ್ಕಿಬೀಳುತ್ತೀರಿ.

ಆಪ್ತ ಸಮಾಲೋಚಕಿ, ಉಡುಪಿ:
ಮಾಲಕರೇ, ಊಟದಿಂದ, ಪಾತ್ರೆಯಿಂದ, ಬೆವರಿನಿಂದ ಬರುವುದಿಲ್ಲ. ಈ ಪ್ರಶ್ನೆ ನಿಮ್ಮಿಂದ ಬಂದದ್ದು ನೋಡಿದರೆ ಮೊದಲ ಕಾರ್ಯಕ್ರಮ ಮಾಲಕರಿಗೇ ಆಗಬೇಕು.

ಬೋಟು ಮಾಲಕ:
ಗಲ್ಫಿಗೆ ಹೋಗುವವರಿಗೆ ಮೆಡಿಕಲ್ ಮಾಡಿಸಿ, ಪಾಸಿಟಿವ್ ಇದ್ದರೆ ವೀಸಾ ಇಲ್ಲ ಅನ್ನುವುದಿಲ್ಲವಾ? ಅವರಿಗೆ ಯಾಕೆ ಕಾಯ್ದೆ ಹೇಳುವುದಿಲ್ಲ?

ವಕೀಲ, ಕುಂದಾಪುರ:
ಅದು ಅವರ ದೇಶದ ಕಾನೂನು, ಅನ್ಯಾಯದ ಕಾನೂನು. ನಮ್ಮ ಕಾಯ್ದೆ ಅಲ್ಲಿಗೆ ಮುಟ್ಟುವುದಿಲ್ಲ. ಮಲ್ಪೆಗೆ ಮುಟ್ಟುತ್ತದೆ.

ಬೀದಿ ನಾಟಕ ತಂಡ, ಸುರತ್ಕಲ್:
ಸಾವಿನ ದೃಶ್ಯ ತೆಗೆಯುತ್ತೇವೆ. ನಾಟಕ ಬಿಡುವುದಿಲ್ಲ.

ಆಪ್ತ ಸಮಾಲೋಚಕಿ, ಉಡುಪಿ:
ಯುವಕ ಮಂಡಲದವರೇ, ಡಿಸೆಂಬರ್ 1ರಂದು ಸಮುದ್ರದಲ್ಲಿರುವ ಬೋಟಿನವರಿಗೆ ನಿಮ್ಮ ಕಾರ್ಯಕ್ರಮ ಸಿಗುವುದೇ ಇಲ್ಲ. ಎರಡು ವಾರ ಬಿಟ್ಟು ಇನ್ನೊಂದು ದಿನ ಇಡಿ. ಚೀಟಿಯ ಹಿಂದೆ ಎಚ್‌ಐವಿ ಸಹಾಯವಾಣಿ 1097 ಹಾಕಿಸಿ, ಟೋಲ್ ಫ್ರೀ, ಹಲವು ಭಾಷೆಯಲ್ಲಿ ಮಾತಾಡುತ್ತಾರೆ.