ರಾತ್ರಿ 11:54ಕ್ಕೆ ಅತ್ತೆ ಹೆಬ್ಬೆಟ್ಟು ಒತ್ತಿದ್ಯಾರು?

ಸೈಟ್ 31 ಮಹಡಿ ಮನೆ, ಬೆ. 5:40
ಇಡೀ ರಾತ್ರಿ ಕಣ್ಣು ಮುಚ್ಚಿಲ್ಲ. ಅತ್ತೆ ಪೆನ್ಶನ್ ಖಾತೆಯಿಂದ 11:54ಕ್ಕೆ 10,000, 12:03ಕ್ಕೆ ಮತ್ತೆ 10,000 ಹೋಗಿದೆ. ಓಟಿಪಿ ಬಂದಿಲ್ಲ, ಯಾರೂ ಫೋನ್ ಮಾಡಿಲ್ಲ, ಅವರಿಗೆ ಎಟಿಎಂ ಕಾರ್ಡೇ ಇಲ್ಲ! ಮೆಸೇಜಲ್ಲಿ ಎಇಪಿಎಸ್ (ಆಧಾರ್, ಬೆರಳಚ್ಚಲ್ಲೇ ದುಡ್ಡು ತೆಗೆಯೋ ವ್ಯವಸ್ಥೆ) ಅಂತಿದೆ. ನಮ್ಮ ಬಡಾವಣೆ ಸಂಘದ ಮೆಂಬರ್‌ಶಿಪ್‌ಗೆ ಅಂತ ಎಲ್ಲರ ಆಧಾರ್ ಜೆರಾಕ್ಸ್ ಇಸ್ಕೊಂಡ್ರಲ್ಲ, ಆ ಕಂತೆ ಎಲ್ಲಿದೆ? ಸಂಘದವರು ಉತ್ತರ ಕೊಡಲೇಬೇಕು.

ಸೈಟ್ 7, 5:52
ಜೆರಾಕ್ಸ್ ಬೇಡ ಅಂತ ನಾನು ಅಧ್ಯಕ್ಷ ಆಗಿದ್ದಾಗಲೇ ಹೇಳಿದ್ದೆ. ಈಗಿನ ಕಮಿಟಿ ಕೇಳಲಿಲ್ಲ. ರೆಸಲ್ಯೂಶನ್ ಬುಕ್ ತೆಗೀರಿ.

ಮೂಲೆ ಮನೆ, ರಿಟೈರ್ಡ್ ಬ್ಯಾಂಕ್, 5:58
ಅಮ್ಮಾ, ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಜಗಳ. ಬೇಗ ಹೇಳಿದ್ರೆ ದುಡ್ಡು ಎಲ್ಲಿ ಹೋಯ್ತೋ ಅಲ್ಲೇ ತಡೆಹಿಡಿಯೋ ಅವಕಾಶ ಇರುತ್ತೆ. ಬ್ಯಾಂಕ್ ತೆಗೆದ ತಕ್ಷಣ ಬರವಣಿಗೆಯಲ್ಲಿ ದೂರು ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ಎಇಪಿಎಸ್‌ಗೆ ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳಚ್ಚು ಇಷ್ಟೇ ಸಾಕು. ಜೆರಾಕ್ಸಲ್ಲಿ ನಂಬರ್ ಸಿಗುತ್ತೆ, ಬೆರಳು ಸಿಗಲ್ಲ. 2023ರಲ್ಲಿ ಬೆಂಗಳೂರಲ್ಲಿ ಇಂಥವು ಸಾಲುಸಾಲಾಗಿ ಬಂದಾಗ, ರಿಜಿಸ್ಟರ್ ಆದ ಆಸ್ತಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ ಅಚ್ಚು ತಯಾರಿಸಿದ್ದು ಹೊರಗೆ ಬಂತು. ಹನ್ನೆರಡರ ಆಚೆ ಈಚೆ ತೆಗೆಯೋದೂ ಲೆಕ್ಕ ಹಾಕಿಯೇ, ದಿನ ಬದಲಾದ್ರೆ ಮಿತಿ ಹೊಸದಾಗಿ ಸಿಗುತ್ತೆ.

ಸೈಟ್ 31 ಮಹಡಿ ಮನೆ, 6:20
1930 ಆಯ್ತು, ದೂರಿನ ನಂಬರ್ ಕೊಟ್ರು. ಅತ್ತೆ ಮೊನ್ನೆ ತಾನೇ ಗದ್ದೆ ಭಾಗಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದಿದ್ರು 😢

ಸೈಟ್ 7, 6:24
ಹಾಗಂತ ಕಮಿಟಿ ಪಾರಾಗಕ್ಕಾಗಲ್ಲ. ಕಳ್ಳರಿಗೆ ಆಧಾರ್ ನಂಬರ್ ಕೊಟ್ಟಿದ್ದು ಯಾರು?

ಸೈಟ್ 18, 6:30
*ಫಾರ್ವರ್ಡ್ ಮಾಡಲಾಗಿದೆ:* ಇವತ್ತಿನಿಂದ ಎಲ್ಲರ ಆಧಾರ್ ರದ್ದು!! 10 ಗುಂಪಿಗೆ ಕಳಿಸಿ 🙏 ಶುಭೋದಯ

ಎದುರು ಮನೆ ಹುಡುಗಿ, ಸೈಟ್ 22, 6:41
ಅಂಕಲ್, ಅದು ಸುಳ್ಳು, ಡಿಲೀಟ್ ಮಾಡಿ. ನಿನ್ನೆ ನಿಮ್ಮ ನಂಬರಿಂದ ಬಂದ ‘ಮದುವೆ ಕರೆಯೋಲೆ’ ಎಪಿಕೆ ಫೈಲ್ (ಆಪ್ ಹಾಕಿಕೊಳ್ಳೋ ಫೈಲ್) ಯಾರೂ ಒತ್ತಬೇಡಿ, ಫೋನೇ ಕಳ್ಳರ ಕೈಗೆ ಹೋಗುತ್ತೆ.

ಮೊದಲು ಕಾರ್ಡ್ ನಕಲು ಮಾಡ್ತಿದ್ರು, ಆಮೇಲೆ ಓಟಿಪಿ ಕೇಳ್ತಿದ್ರು, ಸಿಮ್ ಬದಲಾಯಿಸ್ತಿದ್ರು. ಈಗ ನಮ್ಮನ್ನ ಏನೂ ಕೇಳೋದೇ ಇಲ್ಲ. ಪಿನ್ ಆದ್ರೆ ಬದಲಾಯಿಸಬಹುದು, ಹೆಬ್ಬೆಟ್ಟು ಹೇಗೆ ಬದಲಾಯಿಸ್ತೀರ? ಆಧಾರ್‌ನ ಸರ್ಕಾರಿ ಆಪಲ್ಲಿ ಬಯೋಮೆಟ್ರಿಕ್ ಲಾಕ್ (ಬೆರಳಚ್ಚು ಬಳಕೆಗೆ ಬೀಗ) ಇದೆ, ಇವತ್ತೇ ಹಾಕಿ. ಅಥೆಂಟಿಕೇಶನ್ ಹಿಸ್ಟರಿ ನೋಡಿದ್ರೆ ನಿಮ್ಮ ಆಧಾರ್ ಯಾವಾಗೆಲ್ಲ ಬಳಕೆ ಆಗಿದೆ ಗೊತ್ತಾಗುತ್ತೆ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ನೋಡಿ. ಜೆರಾಕ್ಸ್ ಕೊಡೋದಿದ್ರೆ ಕೊನೆ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ.

ಸೈಟ್ 12, 6:50
ಲಾಕ್ ಮಾಡಿದ್ರೆ ರೇಷನ್ ಅಂಗಡೀಲಿ ಹೆಬ್ಬೆಟ್ಟು ತಗೊಳ್ಳುತ್ತಾ?

ಸೈಟ್ 22, 6:53
ತಗೊಳ್ಳಲ್ಲ ಆಂಟಿ. ಹೋಗೋ ಮುಂಚೆ ಆಪಲ್ಲೇ ಸ್ವಲ್ಪ ಹೊತ್ತಿಗೆ ಲಾಕ್ ತೆಗೀಬಹುದು. ಆಧಾರ್‌ಗೆ ನಿಮ್ಮ ಮೊಬೈಲ್ ಲಿಂಕ್ ಆಗಿರಬೇಕು ಅಷ್ಟೆ. ಭಾನುವಾರ 10ಕ್ಕೆ ಪಾರ್ಕ್ ಹತ್ರ ಬನ್ನಿ, ವಯಸ್ಸಾದವರಿಗೆಲ್ಲ ನಾನೇ ಮಾಡಿಕೊಡ್ತೀನಿ. ಹೆಸರು ಹಾಕಿ.

ಸೈಟ್ 12, 6:55
1. ಸೈಟ್ 12 (ಅತ್ತೆ, ಮಾವ)

ಸೈಟ್ 7, 6:57
ಕಂತೆ ಎಲ್ಲಿದೆ ಅಂತ ತಿಳಿಯೋವರೆಗೂ ಯಾವ ಕ್ಯಾಂಪೂ ಬೇಡ. ಕಾರ್ಯದರ್ಶಿಗಳೇ, ಮಾತಾಡಿ.

ಕಾರ್ಯದರ್ಶಿ, 7:15
ಸಂಘದ ರೂಮಿನ ಬೀರುವಲ್ಲಿದೆ. ಬಾಗಿಲ ಚಿಲಕ ಮುರಿದಿದೆ ಅಂತ ಎರಡು ಮೀಟಿಂಗಲ್ಲಿ ಹೇಳಿದ್ದೀನಿ, ದುಡ್ಡು ಪಾಸ್ ಮಾಡದೇ ಇದ್ದವರು ಯಾರು ಅಂತ ಸೈಟ್ 7ಕ್ಕೇ ಗೊತ್ತು.

ಮೂಲೆ ಮನೆ, 7:18
ಕಂತೆ ಇವತ್ತೇ ಹರಿದು ಹಾಕಿ. ಇಟ್ಟುಕೊಳ್ಳೋ ಅಗತ್ಯವೇ ಇಲ್ಲ.

ಸೈಟ್ 7, 7:20
ಹರಿದ್ರೆ ಸಾಕ್ಷಿ ನಾಶ! ಜನರಲ್ ಬಾಡಿ ಕರೀರಿ.

ಸೈಟ್ 26, 7:31
ರೂಮಿನ ಮುಂದಿನ ಕಂಬದ ಲೈಟ್ ಯುಗಾದಿಯಿಂದ ಉರೀತಿಲ್ಲ. ಆ ಕತ್ತಲಲ್ಲಿ ಯಾರು ಒಳಗೆ ಹೋಗಿ ಬಂದ್ರೂ ಕಾಣಲ್ಲ.

ಸೈಟ್ 12, 7:33
ಹೌದು ರೀ, ಮೊನ್ನೆ ನಮ್ಮವರು ಅಲ್ಲೇ ಚರಂಡಿ ಕಲ್ಲಿಗೆ ಎಡವಿದ್ರು.

ಸೈಟ್ 7, 7:36
ಲೈಟ್ ವಿಷಯ ನಾನು ನೋಡ್ಕೋತೀನಿ. ಭಾನುವಾರ 10ಕ್ಕೆ ಎಲ್ಲರೂ ಸೇರಿ ವಾರ್ಡ್ ಆಫೀಸಿಗೆ ಹೋಗೋಣ. ಬರೋರು ಹೆಸರು ಹಾಕಿ.

ಸೈಟ್ 22, 7:38
ಅಂಕಲ್, ಭಾನುವಾರ 10ಕ್ಕೆ ಲಾಕ್ ಕ್ಯಾಂಪ್ ಅಂದ್ನಲ್ಲ?

ಸೈಟ್ 26, 7:39
1. ಸೈಟ್ 26

ಸೈಟ್ 18, 7:40
2. ಸೈಟ್ 18 👍

ಸೈಟ್ 12, 7:42
3. ಸೈಟ್ 12